ಜರ್ಮನ್ ವಿಮಾನಕ್ಕೆ ಇಪ್ಪತ್ತು ಕ್ವಿಂಟಲ್ ಬೇಳೆ

ಆಟಿಕೆಗೆ ನಮ್ಮ ಕಡೆ ಆಟಿಗಿ ಅನ್ನುತ್ತಾರೆ. ಸೇಡಂನಲ್ಲಿ ಆ ಮಾತಿಗೆ ಬಹಿಷ್ಕಾರ ಹಾಕಿದ ಮನೆ ಒಂದೇ ಒಂದಿತ್ತು. ಅದು ನಮ್ಮದು. ಯಾರನ್ನಾದರೂ ಬೈಯಬಹುದಿತ್ತು, ಸೋದರತ್ತೆ ಅತ್ಯಾ ಮಡಿಯಲ್ಲಿರುವಾಗ ಬೆಳ್ಳುಳ್ಳಿಯ ಹೆಸರನ್ನೂ ಎತ್ತಬಹುದಿತ್ತು, ಆದರೆ ‘ಆಟಿಗಿ’ ಅಂದವರಿಗೆ ಅಂದು ಸಂಜೆಯ ಚಹಾ ಇಲ್ಲ. ಈ ಕಾನೂನು ತಂದವರು ನಮ್ಮ ಕಾಕಾ ವಾಸುದೇವರಾಯರು. ಕಚೇರಿಯಲ್ಲಿ ಅವರು ಗುಮಾಸ್ತರು, ಅಲ್ಲಿ ಅವರ ಮಾತಿಗೆ ಫ್ಯಾನು ಸಹ ತಿರುಗುತ್ತಿರಲಿಲ್ಲ. ಹೀಗಾಗಿ ಕಾನೂನುಗಳನ್ನೆಲ್ಲ ಅವರು ಮನೆಯಲ್ಲೇ ಮಾಡಬೇಕಾಗಿತ್ತು.

ಕಾರಣ ನಡೆದದ್ದು ತೊಂಬತ್ತೇಳನೆಯ ಇಸವಿಯ ಶ್ರಾವಣದಲ್ಲಿ, ಚಿತ್ತಾಪುರದ ಬಳಗದವರ ಮನೆಯ ತೊಟ್ಟಿಲ ಕಾರ್ಯಕ್ರಮದಲ್ಲಿ. ಕಾಕಾನ ಹೆಂಡತಿ ಕಾಕೂನ ಅಕ್ಕನ ಗಂಡ ಶ್ರೀರಾಮರಾಯರು ಶಹಾಬಾದಿನಿಂದ ಬಂದಿದ್ದರು. ಅಂದರೆ ಕಾಕಾಗೆ ಷಡ್ಡಕ. ಎಲ್ಲರೂ ತೊಟ್ಟಿಲಿಗೆ ಬೆಳ್ಳಿಯ ಬಟ್ಟಲು ತಂದರೆ ಅವರು ಕೈಯಲ್ಲಿ ಒಂದು ಪ್ಲಾಸ್ಟಿಕ್ ವಿಮಾನ ಹಿಡಿದು ಬಂದರು. ಕೂಸಿಗಲ್ಲ, ನಮಗೆ ತೋರಿಸಲು. ಮುಂಬೈಯಿಂದ ಡಬ್ಬಿ ತರಿಸಿ, ಒಳಗಿನ ತುಂಡುಗಳನ್ನು ತಾವೇ ಅಂಟಿಸಿದ್ದಂತೆ. ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಅದು ತುಪ್ಪದ ಮಿಳ್ಳಿಯ ಹಿಂದೆಯೇ ಸಾಗಿತು. ಎಲ್ಲರೂ ಎಡಗೈಯಲ್ಲಿ ಹಿಡಿದು ಆಹಾ ಅಂದರು. ಕಾಕಾನ ಎಲೆಯ ಹತ್ತಿರ ಬಂದಾಗ ಅವರು ಮೂರನೆಯ ಹೋಳಿಗೆಯಲ್ಲಿದ್ದರು.

“ಡಬ್ಬಿಯೊಳಗ ತುಂಡು ಮಾಡಿ ಕೊಟ್ಟಿದ್ದು ಅಂಟಸೂದು ಏನ್ ಮಹಾ? ಪೋಸ್ಟಿನವರೂ ದಿನಾ ಅಂಟಸ್ತಾರ” ಅಂದರು.

“ಹಂಗಾರ ನೀ ಒಂದು ಆಟಿಗಿ ಮಾಡಿ ತೋರಸಪಾ” ಅಂದರು ಶ್ರೀರಾಮರಾಯರು.

“ಆಟಿಗಿ ಅಲ್ಲ, ವಿಮಾನ ಕಟ್ತೀನಿ. ಡಬ್ಬಿ ಇಲ್ಲದ. ಸಂಕ್ರಾಂತಿಗೆ ಸೇಡಂಗೆ ಬಾ. ನಾಕು ಮಂದಿ ಮುಂದ ನನ್ನ ಬಾಯಾಗ ಆಟಿಗಿ ಅಂತ ಬಂತಂದ್ರ, ನಿನ್ನ ಈ ಪ್ಲಾಸ್ಟಿಕ್ ಗುಬ್ಬಿನ ನಮ್ಮ ಪಡಸಾಲಿಯಾಗ ಇಟ್ಟು ದಿನಾ ಮುಂಜಾನೆ ಒರಸ್ತೀನಿ.”

“ಮೆತ್ತನ್ನ ಅರಿವಿಲೇ ಒರಸಬೇಕಪಾ. ಗೀರು ಬೀಳ್ತಾವ” ಅಂದರು ಶ್ರೀರಾಮರಾಯರು. ಪಂಕ್ತಿ ನಕ್ಕಿತು. ಬಡಿಸುವವರೂ ನಕ್ಕರು. ತೊಟ್ಟಿಲಲ್ಲಿದ್ದ ಕೂಸು ಮಾತ್ರ ಅತ್ತಿತು. ಅದೊಂದೇ ತಮ್ಮ ಪಕ್ಷ ಎಂದು ಕಾಕಾ ಈಗಲೂ ನೆನೆಯುತ್ತಾರೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ನನ್ನ ಕಡೆ ತಿರುಗಿದರು. “ಪ್ರಮಿತಾ, ಎಲ್ಲಕ್ಕಿಂತ ದೊಡ್ಡ ವಿಮಾನ ಯಾವುದವ್ವಾ?”

“ಗೊತ್ತಿಲ್ಲ ಕಾಕಾ.”

“ಬಿ.ಎ. ಮಾಡಿದವರಿಗೆ ಇಷ್ಟೂ ಕಲಸೂದಿಲ್ಲೇನು?” ಎಂದು ವಿಶ್ವವಿದ್ಯಾಲಯವನ್ನು ಮನ್ನಿಸಿ ಕಿಟಕಿಯ ಆಚೆ ನೋಡಿದರು.

ಉತ್ತರ ಸಿಕ್ಕಿದ್ದು ವಾಡಿ ಜಂಕ್ಷನ್ನಿನ ಹತ್ತಿರದ ರದ್ದಿ ಅಂಗಡಿಯಲ್ಲಿ. ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದನ್ನು ಕಾಕಾ ತೂಕಕ್ಕೆ ತಂದರು. ಅದರಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ರಾತ್ರಿ ಲಂಡನ್ನಿನ ಮೇಲೆ ಬಾಂಬ್ ಹಾಕಿದ, ಆ ಕಾಲದ ದೈತ್ಯ ಜರ್ಮನ್ ವಿಮಾನವೊಂದರ ಚಿತ್ರ, ನಕ್ಷೆ, ಅಳತೆ ಎಲ್ಲ ಇದ್ದವು. ಒಂದರ ಮೇಲೊಂದು ಎರಡು ರೆಕ್ಕೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಲವತ್ತೆರಡು ಮೀಟರ್. ನಾಲ್ಕು ಎಂಜಿನ್, ಹದಿನೆಂಟು ಗಾಲಿ, ಒಳಗೆ ಏಳು ಜನ. ಹಾರುತ್ತಿರುವಾಗಲೇ ಎಂಜಿನ್ ರಿಪೇರಿ ಮಾಡಲು ಮೆಕ್ಯಾನಿಕ್‌ಗಳು ಎಂಜಿನ್ನಿನ ಗೂಡಿನಲ್ಲೇ ಕೂಡುತ್ತಿದ್ದರಂತೆ. ನಾನು ಡಿಕ್ಷನರಿ ಇಟ್ಟುಕೊಂಡು ಓದಿ ಹೇಳಿದೆ. ವಿಮಾನದ ಹೆಸರನ್ನು ಉಚ್ಚರಿಸಲು ಕಾಕಾ ಎರಡು ಸಲ ಯತ್ನಿಸಿ, ನೀರು ಕುಡಿದು, ಇನ್ನು ಮುಂದೆ ‘ಜರ್ಮನ್’ ಅಂದರೆ ಸಾಕೆಂದು ತೀರ್ಮಾನಿಸಿದರು.

ಪಡಸಾಲೆಯ ಎರಡು ಕಂಬಗಳ ನಡುವೆ ಏಳು ಅಡಿ ಜಾಗ. ಆದ್ದರಿಂದ ಜರ್ಮನ್ ಇಪ್ಪತ್ತರಲ್ಲಿ ಒಂದು ಪಾಲಾಗಬೇಕೆಂದು ಗೊತ್ತಾಯಿತು. ಕಾಕಾ ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ನಕ್ಷೆ ಬರೆದರು. ಅಲ್ಲಿಂದ ಸಂಕ್ರಾಂತಿಯವರೆಗೆ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಡೆಯಲಿಲ್ಲ. ರೆಕ್ಕೆ ತುಳಿಯದೆ, ಬಾಲ ಬಳಸಿ, ಎಂಜಿನ್ ದಾಟಿ ಅಡಿಗೆಮನೆ ಸೇರಬೇಕು. ಕಾಕು ವಿಮಲಾಬಾಯಿ ಒಂದು ದಿನ ಅಲ್ಲಿ ರಂಗೋಲಿ ಎಂದು ತಿಳಿದು ಮೂತಿಗೆ ಅರಿಶಿನ ಕುಂಕುಮ ಹಾಕಿದರು. ಕಾಕಾ ಅದನ್ನು ಒರೆಸಲಿಲ್ಲ, ಕೆಲಸಕ್ಕೆ ಒಳ್ಳೆಯದೆಂದು ಬಿಟ್ಟರು.

ಎಲುಬುಗಳು ಬಿದಿರಿನ ಸೀಳು ಮತ್ತು ಒಣಗಿದ ತೊಗರಿ ಕಟ್ಟಿಗೆಯವು. ಮೈ ಮಾತ್ರ ಜೋಳದ ದಂಟಿನ ಬೆಂಡು. ನಮ್ಮ ಕಡೆ ಸಣ್ಣ ಮಕ್ಕಳು ಅದರಿಂದ ಬಂಡಿ, ಎತ್ತು ಮಾಡುತ್ತಾರೆ. ಹಗುರ, ಮೆತ್ತಗೆ, ಬ್ಲೇಡಿನಿಂದ ಬೇಕಾದಂತೆ ಕೊಯ್ಯಬಹುದು. ಅಂಟಿಗೆ ಮೈದಾ ಹಿಟ್ಟು. ಮೊದಲನೆಯ ಬಾಲ ಇಲಿಗಳಿಗೆ ಭಾಳ ಹಿಡಿಸಿತು. ಎರಡನೆಯದಕ್ಕೆ ಕಾಕಾ ಅಂಟಿನಲ್ಲಿ ಮೈಲುತುತ್ತ ಕಲಸಿದರು. ಇಲಿಗಳು ವಾಸನೆ ನೋಡಿ ಮರಳಿ ಅಡಿಗೆಮನೆಗೆ ಹೋದವು. ರೆಕ್ಕೆಗಳ ನಡುವೆ ಬಿಗಿಯುವ ತಂತಿಗೆ ಬಸ್ ನಿಲ್ದಾಣದ ಎದುರಿನ ಮೆಕ್ಯಾನಿಕ್ ಅಮೀರ್ ಅಲಿ ಹಳೆಯ ಕ್ಲಚ್ ವಾಯರ್ ಬಿಡಿಸಿ ಎಳೆ ಎಳೆಯಾಗಿ ಕೊಟ್ಟರು. ಗಾಲಿ ಎಲ್ಲಿಂದ ಎಂದು ನಾನು ಕೇಳುವ ಮೊದಲೇ ನನ್ನ ಕೇರಂ ಡಬ್ಬಿ ಖಾಲಿಯಾಗಿತ್ತು. ಒಂಬತ್ತು ಕರಿ, ಒಂಬತ್ತು ಬಿಳಿ. ಜರ್ಮನ್ನರು ಕೇರಂ ಆಡಿಯೇ ಗಾಲಿಗಳ ಲೆಕ್ಕ ಹಾಕಿದ್ದರೆಂದು ಕಾಕಾಗೆ ಸಂಶಯವೇ ಉಳಿಯಲಿಲ್ಲ. ನನಗೆ ಕೆಂಪು ರಾಣಿ ಒಂದನ್ನು ಬಿಟ್ಟರು.

ರೆಕ್ಕೆಯ ಬಟ್ಟೆ ಮಾತ್ರ ಕಗ್ಗಂಟಾಯಿತು. ಪುಸ್ತಕದ ಪ್ರಕಾರ ಅದರ ಮೇಲೆಲ್ಲ ಆರು ಮೂಲೆಯ ಬಣ್ಣಬಣ್ಣದ ತುಂಡು, ಶತ್ರುವಿನ ಕಣ್ಣಿಗೆ ಬೀಳಬಾರದೆಂದು. ಕಾಕಾ ತಲೆ ಹಿಡಿದು ಕೂತಿದ್ದಾಗ ಅವರ ಅಕ್ಕ, ನಮ್ಮ ಸರಸ್ವತಿಬಾಯಿ ಅತ್ಯಾ, ಕನ್ನಡಕ ಏರಿಸಿ ಚಿತ್ರ ನೋಡಿದಳು.

“ಇದರಾಗೇನದೋ ವಾಸ್ಯಾ? ಇದು ಕೌದಿ.”

“ಅಕ್ಕಾ, ಇದು ಯುದ್ಧದ ವಿಮಾನ.”

“ಯುದ್ಧಕ್ಕ ಹೋದವರಿಗೆ ಚಳಿ ಆಗೂದಿಲ್ಲೇನು? ಅವರವ್ವ ಹೊಲದು ಕೊಟ್ಟಾಳ.”

ಅತ್ಯಾ ಮತ್ತು ಕಾಕು ಕೂಡಿ ಹಳೆಯ ಸೀರೆಗಳನ್ನು ತುಂಡು ಮಾಡಿ ಹೊಲಿದರು. ಅಂಚಿಲ್ಲದ ಕೌದಿಯನ್ನು ಅತ್ಯಾ ತನ್ನ ಆಯುಷ್ಯದಲ್ಲಿ ಹೊಲಿದವಳಲ್ಲ. ಹೀಗಾಗಿ ಲಂಡನ್ನಿನ ಮೇಲೆ ಕತ್ತಲಲ್ಲಿ ಕದ್ದು ಹೋಗಬೇಕಾದ ವಿಮಾನಕ್ಕೆ ಇಳಕಲ್ ಸೀರೆಯ ಕೆಂಪು ಅಂಚು ಬಂತು.

ಇಲ್ಲಿಯವರೆಗೆ ಎಲ್ಲ ಸುಖವಾಗಿಯೇ ಇತ್ತು. ಆಮೇಲೆ ಗುರುಲಿಂಗಪ್ಪನವರು ಬಂದರು.

ಅವರದು ಹಿಂದಿನ ಗಲ್ಲಿಯಲ್ಲಿ ತೊಗರಿಬೇಳೆಯ ಮಿಲ್ಲು. ಹಣೆಯ ಮೇಲೆ ವಿಭೂತಿ, ಜುಬ್ಬಾದ ಕಿಸೆಯಲ್ಲಿ ಸದಾ ಒಂದು ಬೇಳೆಯ ಪೊಟ್ಟಣ. ಅದು ಸ್ಯಾಂಪಲ್. ಪೇಟೆಯ ವ್ಯಾಪಾರ ನಡೆಯುವುದೇ ಹಾಗೆ: ಪೊಟ್ಟಣ ಬಿಚ್ಚಿ ಅಂಗೈಯಲ್ಲಿ ಬೇಳೆ ಸುರಿದು ತೋರಿಸುತ್ತಾರೆ, ನೋಡಿದವನು ಹೂಂ ಅಂದರೆ ಲಾರಿ ಹೊರಡುತ್ತದೆ. ಇಡೀ ಜನ್ಮ ಅಂಗೈಯಲ್ಲಿ ಲಾರಿ ಕಂಡ ಮನುಷ್ಯನಿಗೆ ಯಾವ ಸಣ್ಣ ವಸ್ತುವೂ ಸಣ್ಣದಾಗಿ ಕಾಣುವುದಿಲ್ಲ. ಅವರು ಕುಕ್ಕರಗಾಲಲ್ಲಿ ಕೂತು ರೆಕ್ಕೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

“ರಾಯರ, ಇದು ಸ್ಯಾಂಪಲ್ ಏನ್ರಿ?”

ಕಾಕಾಗೆ ಆ ಮಾತು ಅಷ್ಟೇನೂ ಹಿಡಿಸಲಿಲ್ಲ. ಆದರೆ ನಿಷೇಧಿಸಿದ ಮಾತಂತೂ ಅದಲ್ಲ. “ಹಂಗಂದ್ರೂ ನಡೀತದ್ರಿ” ಅಂದರು.

“ಪೂರಾ ವಿಮಾನದ ರೆಕ್ಕಿ ಎಷ್ಟುದ್ದ?”

“ನಲವತ್ತೆರಡು ಮೀಟರ್.”

“ಎಂಜಿನ್?”

“ನಾಕು.”

“ಗಾಲಿ?”

“ಹದಿನೆಂಟು.”

“ಯಪ್ಪಾ! ನನ್ನ ಲಾರಿಗೆ ಆರೇ ಅವ. ಲೋಡು ಎಷ್ಟು ಹೊರ್ತದ?”

“ಎರಡು ಟನ್.”

“ಅಂದ್ರ ಇಪ್ಪತ್ತು ಕ್ವಿಂಟಲ್.” ಗುರುಲಿಂಗಪ್ಪನವರ ಮುಖ ಸಣ್ಣದಾಯಿತು. “ಹದಿನೆಂಟು ಗಾಲಿ ಇಟಗೊಂಡು ಬರೇ ಇಪ್ಪತ್ತು ಕ್ವಿಂಟಲ್ ಏನ್ರಿ? ನನ್ನ ಲಾರಿ ಇದರ ನಾಕು ಪಟ್ಟು ಎಳೀತದ.”

“ನಿಮ್ಮ ಲಾರಿ ಮ್ಯಾಲ ಏರೂದಿಲ್ಲಲ್ರಿ?”

“ಅದೂ ಖರೇನ ಅದ. ಹೈದ್ರಾಬಾದ್ ದಾರ್ಯಾಗ ತಾಂಡೂರ ದಾಟೂದ್ರಾಗ ಗ್ಯಾರೇಜಿಗೆ ಇಳೀತದ.” ಸ್ವಲ್ಪ ಯೋಚಿಸಿ ಕೇಳಿದರು: “ಹೈದ್ರಾಬಾದಿಗೆ ಎಷ್ಟೊತ್ತಿನಾಗ ಮುಟ್ಟಸ್ತದ?”

ಕಾಕಾ ಪುಸ್ತಕದ ವೇಗವನ್ನು ಗೋಡೆಯ ಮೇಲಿನ ನಕಾಶೆಗೆ ಹಚ್ಚಿ ಗುಣಿಸಿ ಭಾಗಿಸಿ, “ಒಂದು ತಾಸು” ಅಂದರು.

ನಮ್ಮ ಕಾಕಾ ಸುಳ್ಳು ಹೇಳುವವರಲ್ಲ. ಯಾರು ಏನು ಕೇಳಿದರೂ ಪುಸ್ತಕದಲ್ಲಿದ್ದದ್ದನ್ನು ಇದ್ದಂತೆ ಹೇಳಿದರು. ಕೇಳಿದವರು ಯಾವ ವಿಮಾನದ ಬಗ್ಗೆ ಕೇಳುತ್ತಿದ್ದಾರೆ ಎಂದು ಮಾತ್ರ ಅವರು ಕೇಳಲಿಲ್ಲ. ಮೂಲೆಯಲ್ಲಿ ಬೆಂಡು ಕೊಯ್ಯುತ್ತ ಕೂತ ನನಗೆ ಅಲ್ಲೇನೋ ತಪ್ಪುತ್ತಿದೆ ಎನ್ನಿಸಿತು. ಆದರೆ ನಾನು ಒಂದು ವಾಕ್ಯ ಜೋಡಿಸಿ ಬಾಯಿ ತೆರೆಯುವಷ್ಟರಲ್ಲಿ ಉಳಿದವರ ಮಾತು ಯಾವಾಗಲೂ ತಾಂಡೂರ ದಾಟಿರುತ್ತದೆ.

“ನನಗೊಂದು ಜಾಗಾ ಸಿಗ್ತದೇನ್ರಿ? ಮಾಲಿನ ಜೋಡಿ ಹೋದ್ರ ಛಲೋ” ಅಂದರು ಗುರುಲಿಂಗಪ್ಪ.

ಕಾಕಾಗೆ ಸಂತೋಷವೋ ಸಂತೋಷ. ಒಳಗಿನ ಏಳು ಜನರನ್ನು ಬೆಂಡಿನಿಂದ ಕೊಯ್ದಾಗಿತ್ತು. ಮೋರೆಗಳು ಮಾತ್ರ ಸರಿಯಾಗಿ ಬರದೆ, ಎಲ್ಲರೂ ಬದನೆಕಾಯಿಯ ಹಾಗೆ ಕಾಣುತ್ತಿದ್ದರು. ಅವುಗಳ ಮೇಲೆ ಫೋಟೋ ಅಂಟಿಸಿದರಾಯಿತು ಎಂದು ಈಗ ಹೊಳೆಯಿತು. “ಬಲಗಡೆ ಎಂಜಿನ್ ಗೂಡಿನಾಗ ಕುಂದ್ರರಿ. ಒಂದು ಸ್ಟ್ಯಾಂಪ್ ಸೈಜ್ ಫೋಟೋ ತಂದು ಕೊಡ್ರಿ.”

ಫೋಟೋ ಕೇಳಿದ್ದೇ ಮುಖ್ಯ ಅನಾಹುತ. ಫೋಟೋ ಕೊಟ್ಟರೆ ಪಾಸು ಬರುತ್ತದೆ ಎಂಬುದು ಲೋಕಕ್ಕೆ ಗೊತ್ತಿರುವ ಮಾತು. ಸಂಜೆಯೊಳಗೆ ಗಲ್ಲಿಗೆಲ್ಲ ಸುದ್ದಿಯಾಯಿತು: ರಾಯರದು ಸ್ಯಾಂಪಲ್ ತಯಾರಾಗಿದೆ, ಪೂರಾ ವಿಮಾನ ಕಾಗಿಣಾ ಹೊಳೆಯ ದಂಡೆಗೆ ಇಳಿಯುತ್ತದೆ, ಹೆಸರು ಹಚ್ಚಿದವರಿಗೆ ಪಾಸು. ಬಸ್ ನಿಲ್ದಾಣದ ಸ್ಟುಡಿಯೋದವನು ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, “ವಿಮಾನದ್ದೇನ್ರಿ? ಕಾಲರ್ ನೆಟ್ಟಗ ಮಾಡ್ಕೋರಿ” ಅನ್ನತೊಡಗಿದ.

ಜಾಗ ಹಂಚುವುದು ಹೊಸ ತಂಟೆಯಾಯಿತು. ಮೂತಿಯ ಮುಂದಿನ ಸೀಟು ದಿಕ್ಕು ನೋಡಿ ದಾರಿ ಹೇಳುವವರದು. ಅದು ಅತ್ಯಾಗೆ ಹೋಯಿತು, ಯಾಕೆಂದರೆ ಮನೆಯಲ್ಲಿ ಅವಳು ಬೇರೆ ಕೆಲಸ ಮಾಡಿದವಳೇ ಅಲ್ಲ. ನಡೆಸುವವರ ಎರಡು ಸೀಟಿನಲ್ಲಿ ಕಾಕಾ ಒಂದರಲ್ಲಿ, ಕಾಕು ಇನ್ನೊಂದರಲ್ಲಿ. “ಇವರು ಸೈಕಲ್ ಸೈತ ನೆಟ್ಟಗ ಹೊಡೆಯೂದಿಲ್ಲ. ಒಮ್ಮಿ ಕಾಗಿಣಾದಾಗ ಹಾಕ್ಯಾರ. ಹ್ಯಾಂಡಲ್ ನನ್ನ ಕೈಯಾಗ ಇರಲಿ” ಎಂದು ಕಾಕು ಕರಾರು ಮಾಡಿಕೊಂಡರು. ಎಡಗಡೆಯ ಎಂಜಿನ್ನಿಗೆ ಅಮೀರ್ ಅಲಿ. ಹಿಂದಿನ ವೈರ್‌ಲೆಸ್ ಸೀಟು, ಊರಿಗೆಲ್ಲ ಸುದ್ದಿ ಮುಟ್ಟಿಸಬೇಕಾದದ್ದು, ನನಗೆ ಬಂತು. ಅದನ್ನು ಕೇಳಿ ಮನೆಯವರೆಲ್ಲ ನಕ್ಕು ಮುಗಿಸಲು ಒಂದು ಹೊತ್ತಿನ ಊಟ ಬೇಕಾಯಿತು. ಏಳನೆಯದು ಹಿಂದಿನ ತುಪಾಕಿಯ ಸೀಟು. ಮೇಲೆ ಛಾವಣಿ ಇಲ್ಲ, ಗಾಳಿ ವಿಪರೀತ. ಅದನ್ನು ಯಾರೂ ಕೇಳಲಿಲ್ಲ.

ಜೀವ ಬಾಯಿಗೆ ಬಂದದ್ದು ಠಾಣೆಯ ಹವಾಲ್ದಾರ ಖಂಡಪ್ಪ ಬಂದ ದಿನ. ಅವರು ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು, ಕಾಕು ಕೊಟ್ಟ ಚಹಾ ಕುಡಿದು, ಪೂರ್ತಿ ಸಭ್ಯತೆಯಿಂದ ವಿಚಾರಣೆ ಶುರುಮಾಡಿದರು.

“ರಾಯರ, ನೀವು ಮಿಲ್ಟ್ರಿ ವಿಮಾನ ಕಟ್ಟಾಕತ್ತೀರಿ ಅಂತ ಠಾಣೆಗೆ ಸುದ್ದಿ ಬಂದದ.”

“ಹೌದ್ರಿ.”

“ಬಾಂಬ್ ಹಾಕೂದು?”

“ಹೌದ್ರಿ. ಭಾಳ ದೊಡ್ಡ ಬಾಂಬ್.”

ಖಂಡಪ್ಪನವರು ಚಹಾದ ಬಸಿಯನ್ನು ಕೆಳಗಿಟ್ಟರು. “ಯಾರ ಮ್ಯಾಲ್ರಿ?”

“ಲಂಡನ್ ಮ್ಯಾಲ.”

ಖಂಡಪ್ಪ ಉಸಿರು ಬಿಟ್ಟರು. “ಹಂಗಾರ ಪರವಾ ಇಲ್ಲ. ಲಂಡನ್ ನಮ್ಮ ಠಾಣೆ ಹದ್ದಿನಾಗ ಬರೂದಿಲ್ಲ. ಆದ್ರೂ ಸಾಹೇಬ್ರು ಕೇಳ್ಯಾರ. ವಿಮಾನ ಅಂದ್ರ ಪರವಾನಗಿ ಬೇಕು, ಇಲ್ಲಂದ್ರ ಜಪ್ತಿ. ಇದು ಆಟಿಗಿ ಅಂತ ಒಂದು ಮಾತು ಹೇಳಿಬಿಡ್ರಿ, ನಾ ಹೋಗ್ತೀನಿ.”

ಅಡಿಗೆಮನೆಯ ಬಾಗಿಲಲ್ಲಿ ಕಾಕು ಕಣ್ಣಲ್ಲೇ ಗಂಡನ ಕಾಲಿಗೆ ಬಿದ್ದರು. ಕಾಕಾ ರೆಕ್ಕೆಯ ಮೇಲಿನ ಧೂಳು ಒರೆಸಿದರು.

“ಆ ಮಾತು ನಾ ಹೇಳೂದಿಲ್ರಿ.”

“ಅವನ ಬದಲಿ ನಾ ಹೇಳಲೇನಪಾ ಹವಾಲ್ದಾರ?” ಎಂದು ಅತ್ಯಾ ಜಪಮಾಲೆ ಬದಿಗಿಟ್ಟಳು.

“ಅಕ್ಕಾ, ಚಹಾ!” ಎಂದು ಕಾಕಾ ಎಚ್ಚರಿಸಿದರು. ಅತ್ಯಾ ಮತ್ತೆ ಜಪಮಾಲೆ ಎತ್ತಿಕೊಂಡಳು. ಅವಳು ದೇವರಿಗೂ ಹೆದರಿದವಳಲ್ಲ, ಆದರೆ ಸಂಜೆಯ ಚಹಾ ಬಿಟ್ಟವಳಲ್ಲ.

“ನಿಮ್ಮ ಇಚ್ಛಾ” ಎಂದು ಖಂಡಪ್ಪ ಟೊಪ್ಪಿಗೆ ಹಾಕಿಕೊಂಡರು. “ಸಂಕ್ರಾಂತಿ ದಿನ ಸಾಹೇಬ್ರು ಖುದ್ದು ಬರ್ತಾರ. ಆಟಿಗಿ ಅಂದ್ರ ಉಳೀತದ, ಇಲ್ಲಂದ್ರ ಎತಗೊಂಡು ಹೋಗ್ತೀವಿ. ನಮ್ಮ ಜೀಪಿನಾಗ ಹಿಡಿಯೂದಿಲ್ಲ, ಮುರಿದು ತುಂಬಬೇಕಾಗ್ತದ. ಮತ್ತ ನನಗ ಬೈಬ್ಯಾಡ್ರಿ.”

ಸಂಕ್ರಾಂತಿಯವರೆಗೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹೇಳಿದರೆ ಷಡ್ಡಕನ ಪ್ಲಾಸ್ಟಿಕ್ ಗುಬ್ಬಿಯನ್ನು ಜೀವ ಇರುವವರೆಗೂ ಒರೆಸಬೇಕು; ಹೇಳದಿದ್ದರೆ ಜರ್ಮನ್ ಚೂರು ಚೂರು. ಕಾಕಾ ಮಾತ್ರ ಎಂಜಿನ್ನಿಗೆ ಬ್ಲೇಡಿನಿಂದ ನಯ ಕೊಡುತ್ತ, “ಇದಕ್ಕ ಹ್ಯಾಂಗವ್ವಾ ಆಟಿಗಿ ಅನ್ನಲಿ?” ಎಂದು ನನ್ನನ್ನು ಕೇಳಿದರು. ಕಾನೂನು ಮುರಿದಿದ್ದು ಆಮೇಲೆ ಹೊಳೆದು, ಅಂದು ತಾವೇ ಚಹಾ ಬಿಟ್ಟರು.

ಸಂಕ್ರಾಂತಿಯ ದಿನ ಊಟವಾದ ಮೇಲೆ ಬೀದಿ ತುಂಬಿತು. ಹೊಸ ಬಟ್ಟೆ ಹಾಕಿ ಕೈಚೀಲ ಹಿಡಿದವರು ಕೆಲವರು; ಪಾಸು ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸುವವರು ಕೆಲವರು. ಶ್ರೀರಾಮರಾಯರು ಮಧ್ಯಾಹ್ನದ ಬಸ್ಸಿಗೇ ಬಂದು, ಪ್ಲಾಸ್ಟಿಕ್ ವಿಮಾನವನ್ನೂ ಒರೆಸುವ ಮೆತ್ತನೆಯ ಬಟ್ಟೆಯನ್ನೂ ಕಿಟಕಿಯ ಕಟ್ಟೆಯ ಮೇಲೆ ತಯಾರಾಗಿ ಇಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಟೆಂಪೊ ನಿಂತಿತು. ಅದರ ತುಂಬ ಚೀಲ. ಚೀಲಗಳ ಮೇಲೆ ಗುರುಲಿಂಗಪ್ಪ.

ಸಾಹೇಬರು ಖಂಡಪ್ಪನ ಜೊತೆ ಒಳಗೆ ಬಂದರು. ಜರ್ಮನ್ ಪಡಸಾಲೆಯ ನಡುವೆ ಹದಿನೆಂಟು ಗಾಲಿಗಳ ಮೇಲೆ ನಿಂತಿತ್ತು. ರೆಕ್ಕೆಗಳು ಕಂಬದಿಂದ ಕಂಬಕ್ಕೆ ಚಾಚಿದ್ದವು. ಸಾಹೇಬರು ಒಂದು ಸುತ್ತು ಹಾಕಿ ಬಗ್ಗಿ ಒಳಗೆ ನೋಡಿದರು. ಮೂತಿಯ ಸೀಟಿನಿಂದ ಅತ್ಯಾನ ಸ್ಟ್ಯಾಂಪ್ ಸೈಜಿನ ಮೋರೆ ಅವರನ್ನು ದಿಟ್ಟಿಸುತ್ತಿತ್ತು. ಸಾಹೇಬರು ಹಿಂದೆ ಸರಿದು ಶರ್ಟಿನ ಗುಂಡಿ ಹಾಕಿಕೊಂಡರು.

“ಏನ್ರಿ ವಾಸುದೇವರಾವ್, ಒಂದೇ ಮಾತು. ಇದು ಆಟಿಗಿ ಹೌದೋ ಅಲ್ಲೋ?”

ಶ್ರೀರಾಮರಾಯರು ಬಟ್ಟೆ ಕೈಗೆತ್ತಿಕೊಂಡರು. ಕಾಕಾ ಜರ್ಮನ್ ಕಡೆ ನೋಡಿದರು, ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಬಾಗಿಲಿನಿಂದ ಗುರುಲಿಂಗಪ್ಪ ಕೂಗಿದರು:

“ಸಾಹೇಬ್ರ, ಇದು ಬರೇ ಸ್ಯಾಂಪಲ್ರಿ! ಪೂರಾ ಮಾಲು ಇನ್ನೂ ಬರೂದದ. ರಾಯರ, ನಾ ಇಪ್ಪತ್ತು ಕ್ವಿಂಟಲ್ ತಂದೀನಿ. ವಿಮಾನ ಎಲ್ಲಿ ಹಚ್ಚೀರಿ, ಹೊಳಿ ದಂಡಿಗೇನ್ರಿ?”

ಕಾಕಾನ ಮುಖ ನೋಡುವ ಹಾಗಿತ್ತು. ಇಷ್ಟು ದಿನ ಹಂಚಿದ ಉತ್ತರಗಳೆಲ್ಲ ಒಮ್ಮೆಲೆ ವಾಪಸು ಬಂದು ಎದುರಿಗೆ ನಿಂತಂತಾಯಿತು. “ಗುರುಲಿಂಗಪ್ಪನವರ, ಇನ್ನೊಂದು ಇಲ್ರಿ. ಇದಽ ಇರೂದು.”

“ಮತ್ತ ಇಪ್ಪತ್ತು ಕ್ವಿಂಟಲ್ ಹೊರ್ತದ ಅಂದ್ರಿ?”

ಸಾಹೇಬರಿಗೆ ಈಗ ಕೇಸಿನ ರುಚಿ ಹತ್ತಿತು. “ಅಂದ್ರ ಇದು ಆಟಿಗಿ ಆದ್ರ ನೀವು ವ್ಯಾಪಾರಸ್ತರಿಗೆ ಮೋಸ ಮಾಡೀರಿ. ಆಟಿಗಿ ಅಲ್ಲಾ ಅಂದ್ರ ಪರವಾನಗಿ ಇಲ್ಲದ ವಿಮಾನ ಇಟ್ಟೀರಿ. ಯಾವುದು ಬರ್ಕೊಳ್ಳಲಿ, ಹೇಳ್ರಿ.”

ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಾಕಾ ನೆಲದ ಮೇಲೆ ಕೂತುಬಿಟ್ಟರು. ಹತಾಶೆಯಿಂದ ಎಂದು ನಾವು ತಿಳಿದೆವು. ಅವರು ಸೀಮೆಸುಣ್ಣ ಹುಡುಕುತ್ತಿದ್ದರು.

“ನೋಡ್ರಿ ಸಾಹೇಬ್ರ. ಉದ್ದ ಇಪ್ಪತ್ತು ಪಟ್ಟು ಕಮ್ಮಿ ಆಗ್ಯದ. ಅಗಲನೂ ಇಪ್ಪತ್ತು ಪಟ್ಟು. ಎತ್ತರನೂ ಇಪ್ಪತ್ತು ಪಟ್ಟು. ಅಂದ್ರ ಹೊಟ್ಟಿ ಇಪ್ಪತ್ತು ಇಪ್ಪತ್ಲೆ, ಮತ್ತ ಇಪ್ಪತ್ಲೆ, ಎಂಟು ಸಾವಿರ ಪಟ್ಟು ಕಮ್ಮಿ. ಇಪ್ಪತ್ತು ಕ್ವಿಂಟಲ್ ಅಂದ್ರ ಎರಡು ಸಾವಿರ ಕಿಲೋ. ಅದಕ್ಕ ಎಂಟು ಸಾವಿರಲೇ ಭಾಗಿಸಿದ್ರ...” ನೆಲದ ಮೇಲೆ ಗೆರೆ ಎಳೆದು ಎದ್ದು ನಿಂತರು. “ಕಾಲು ಕಿಲೋ. ನಾ ಸುಳ್ಳು ಹೇಳಿಲ್ಲ. ಇದರ ಅಳತಿಗೆ ಇಪ್ಪತ್ತು ಕ್ವಿಂಟಲ್ ಇದು ಹೊರ್ತದ.”

“ಹೊರಸ್ರಿ ನೋಡೂಣು” ಅಂದರು ಸಾಹೇಬರು.

ಕಾಕು ಅಡಿಗೆಮನೆಯಿಂದ ಬೇಳೆಯ ಡಬ್ಬಿ ತಂದರು. ಗುರುಲಿಂಗಪ್ಪನವರು ಅಡ್ಡ ಬಂದರು. “ತಡೀರಿ ತಾಯಿ. ಅದು ಯಾವ ಮಿಲ್ಲಿನ ಬ್ಯಾಳಿನೋ ಏನೋ. ಬ್ಯಾರೆಯವರ ಮಾಲು ನನ್ನ ವಿಮಾನದಾಗ ಹಾಕಬ್ಯಾಡ್ರಿ.” ಜುಬ್ಬಾದ ಕಿಸೆಗೆ ಕೈ ಹಾಕಿ ಸ್ಯಾಂಪಲ್ ಪೊಟ್ಟಣ ತೆಗೆದರು. “ಪಾವ್ ಕಿಲೋ ಅದ. ಬರೋಬ್ಬರಿ.” ಪೊಟ್ಟಣವನ್ನೂ ವಿಮಾನವನ್ನೂ ಒಮ್ಮೆ ನೋಡಿದರು. ಅವರ ಮುಖದ ಮೇಲೆ ನಿಧಾನವಾಗಿ ನಗೆ ಹರಡಿತು. “ಸ್ಯಾಂಪಲ್ ವಿಮಾನಕ್ಕ ಸ್ಯಾಂಪಲ್ ಲೋಡು. ಇದರಾಗ ಮೋಸ ಏನದರಿ ಸಾಹೇಬ್ರ? ನಾವು ವ್ಯಾಪಾರ ಮಾಡೂದು ಹಿಂಗೇ ಅಲ್ಲೇನ್ರಿ!”

ಅಮೀರ್ ಅಲಿ ಪೊಟ್ಟಣವನ್ನು ಹೊಟ್ಟೆಯ ಕೆಳಗೆ ತಂತಿಯಿಂದ ಬಿಗಿದರು. ಕಾಕಾ ಹಿಂದಿನಿಂದ ಮೆಲ್ಲಗೆ ತಳ್ಳಿದರು. ಜರ್ಮನ್ ಒಮ್ಮೆ ಕಿರುಗುಟ್ಟಿತು, ರೆಕ್ಕೆ ನಡುಗಿದವು, ಇಪ್ಪತ್ತು ಕ್ವಿಂಟಲ್ ಹೊತ್ತುಕೊಂಡು ಶಹಾಬಾದ್ ಕಲ್ಲಿನ ಮೇಲೆ ಉರುಳಿತು. ಬಾಗಿಲು, ಕಿಟಕಿ, ಬೀದಿ ಎಲ್ಲ ಕಡೆಯಿಂದ ಜನ ಹೋ ಅಂದರು. ಅದೇ ಹೊತ್ತಿಗೆ ಒಂದು ಬಿಳಿ ಗಾಲಿ ಕಳಚಿಕೊಂಡು ನೆಟ್ಟಗೆ ಹೋಗಿ ಸಾಹೇಬರ ಬೂಟಿಗೆ ಬಡಿದು, ಅಲ್ಲೇ ಎರಡು ಹೋಳಾಯಿತು.

“ಸ್ಟೆಪ್ನಿ ಅದ ಏನ್ರಿ ರಾಯರ?” ಎಂದು ಅಮೀರ್ ಅಲಿ ರೂಢಿಯ ಮೇಲೆ ಕೇಳಿದರು.

ನಾನು ಅಷ್ಟು ಜನರ ನಡುವೆ ಎದ್ದು ನಡೆದದ್ದು ಅದೇ ಮೊದಲು. ಮುಷ್ಟಿಯಲ್ಲಿದ್ದ ಕೇರಂ ರಾಣಿಯನ್ನು ಅಮೀರ್ ಅಲಿಯ ಅಂಗೈಯಲ್ಲಿಟ್ಟು ವಾಪಸು ಬಂದು ಕೂತೆ. ಒಂದೂ ಮಾತಾಡಬೇಕಾಗಲಿಲ್ಲ. ವೈರ್‌ಲೆಸ್ ಕೆಲಸ ಅಷ್ಟೇನೂ ಕಠಿಣವಲ್ಲ. ಕೆಂಪು ಗಾಲಿ ಹತ್ತಿದ ಜರ್ಮನ್ ಮೊದಲಿಗಿಂತಲೂ ಛಂದ ಕಂಡಿತು. ಅತ್ಯಾನ ಅಂಚಿಗೆ ಹೊಂದಿಕೆಯಾಗಿತ್ತು.

ಸಾಹೇಬರು ಬಗ್ಗಿ ಕೆಂಪು ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿದರು. “ಆಟಿಗಿಗೆ ಸ್ಟೆಪ್ನಿ ಇರೂದಿಲ್ಲ. ಇದು ವಿಮಾನಽ ಹೌದು” ಅಂದರು.

ಕಾಕಾನ ಎದೆ ಉಬ್ಬಿತು. ಆಮೇಲೆ ಜೀಪಿನ ನೆನಪಾಗಿ ಇಳಿಯಿತು.

“ಹಂಗಾರ ಜಪ್ತಿ ಮಾಡ್ಲೇನ್ರಿ?” ಅಂದರು ಖಂಡಪ್ಪ.

“ಏ ಖಂಡಪ್ಪ, ಲೆಕ್ಕ ಕೇಳಿದಿಲ್ಲೋ? ವಿಮಾನ ಎಂಟು ಸಾವಿರ ಪಟ್ಟು ಕಮ್ಮಿ ಆದ್ರ ಅಪರಾಧನೂ ಎಂಟು ಸಾವಿರ ಪಟ್ಟು ಕಮ್ಮಿ ಆಗ್ತದ. ಅಷ್ಟು ಸಣ್ಣಕ್ಷರದಾಗ ಬರಿಯೂ ಪೆನ್ನು ನಮ್ಮ ಠಾಣೆಯಾಗ ಇಲ್ಲ.” ಸಾಹೇಬರು ಅತ್ಯಾ ಚಾಚಿದ ತಟ್ಟೆಯಿಂದ ಎಳ್ಳುಂಡಿ ಎತ್ತಿ ಬಾಯಿಗೆ ಹಾಕಿಕೊಂಡರು. “ಒಂದು ಕಂಡೀಷನ್. ಲಂಡನ್ ಕಡೆ ಹೋಗೂದಿದ್ರ ಮೊದಲ ಠಾಣೆಗೆ ತಿಳಸ್ರಿ.”

ಜನ ಎಳ್ಳುಂಡಿ ತಿಂದು, ವಿಮಾನವನ್ನು ಮುಟ್ಟಿ ನೋಡಿ, ಪಾಸಿನ ಮಾತು ಮರೆತು ಚದುರಿದರು. ಗುರುಲಿಂಗಪ್ಪನವರ ಟೆಂಪೊ ತುಂಬಿದ ಚೀಲಗಳ ಸಮೇತ ಮಿಲ್ಲಿಗೆ ತಿರುಗಿತು. ಪೊಟ್ಟಣ ಮಾತ್ರ ವಿಮಾನದಲ್ಲೇ ಇರಲೆಂದರು. ಮಿಲ್ಲಿಗೆ ಬಂದ ಗಿರಾಕಿಗಳನ್ನೆಲ್ಲ ಅವರು ಈಗಲೂ ನಮ್ಮ ಪಡಸಾಲೆಗೆ ಕರೆತಂದು, “ನಮ್ಮ ಬ್ಯಾಳಿ ವಿಮಾನದಾಗ ಹೋಗ್ತದ” ಎಂದು ತೋರಿಸುತ್ತಾರೆ.

ಎಲ್ಲರೂ ಹೋದ ಮೇಲೂ ಶ್ರೀರಾಮರಾಯರು ಉಳಿದರು. ಕಟ್ಟೆಯ ಮೇಲಿನ ಪ್ಲಾಸ್ಟಿಕ್ ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಜರ್ಮನ್ ಸುತ್ತ ಮೂರು ಸಲ ತಿರುಗಿದರು. ಬಗ್ಗಿ ಮೂತಿಯ ಸೀಟಿನ ಅತ್ಯಾಳನ್ನು ನೋಡಿದರು, ಗುರುಲಿಂಗಪ್ಪನವರನ್ನು ನೋಡಿದರು, ಎಂಜಿನ್ ಗೂಡಿನಲ್ಲಿ ನಗುತ್ತಿದ್ದ ಅಮೀರ್ ಅಲಿಯನ್ನು ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, ನನಗೂ ಕಾಕೂಗೂ ಕೇಳಬಾರದೆಂದು ಬಹಳ ಸಣ್ಣ ದನಿಯಲ್ಲಿ, ಹೀಗಾಗಿ ಇಡೀ ಮನೆಗೆ ಕೇಳುವಂತೆ, ಅಂದರು:

“ವಾಸುದೇವ, ಈ ವಿಮಾನದಾಗ ಜಾಗಾ ಎಲ್ಲಾ ತುಂಬ್ಯಾವೇನಪಾ?”

ವಿಮಾನ ಅಂದಿದ್ದರು. ಕಾಕಾ ಆ ಮಾತನ್ನು ಹೋಳಿಗೆಯ ಹಾಗೆ ಬಾಯಲ್ಲಿಟ್ಟುಕೊಂಡು ಸವಿದರು.

“ಹಿಂದ ತುಪಾಕಿ ಹಂತ್ಯಾಕ ಒಂದು ಖಾಲಿ ಅದ. ಛತ್ತು ಇಲ್ಲ, ಗಾಳಿ ಭಾಳ ಹೊಡೀತದ. ಮಫ್ಲರ್ ಸುತಗೊಂಡು ಫೋಟೋ ತಗಸು.”

ಮುಂದಿನ ವಾರ ಶಹಾಬಾದಿನಿಂದ ಬಂದವರ ಕೈಯಲ್ಲಿ ಫೋಟೋ ಬಂತು. ಮಫ್ಲರ್ ಇತ್ತು. ಕಿವಿಯಲ್ಲಿ ಹತ್ತಿ ಸಹ ಇಟ್ಟುಕೊಂಡಿದ್ದರು.